ಕೊನೆ ಬಸ್ಸು ನೋಡಿಕೊಂಡು ಸಮ್ಮೇಳನ ಮಾಡೋಣ: ತುಮಕೂರಿನ ಟೆಕ್ ಕಾರ್ಯಕ್ರಮಕ್ಕೆ ಹೆಣ್ಣುಮಕ್ಕಳು ಬರಲು, ಬಂದು ಕೊನೆವರೆಗೂ ಕೂರಲು ಏನು ಬೇಕು?

ಕ್ಯಾತ್ಸಂದ್ರದವಳು

ಎಲ್ಲರಿಗೂ ನಮಸ್ಕಾರ. ನಾವು ಏಳು ಜನ ಸೇರಿಕೊಂಡು ತುಮಕೂರಿನಲ್ಲಿ ಒಂದು ದಿನದ ಟೆಕ್ ಸಮ್ಮೇಳನ ಮಾಡಲು ಹೊರಟಿದ್ದೇವೆ. ಓಪನ್ ಸೋರ್ಸ್, ವೆಬ್, ಡೇಟಾ, ಕಂಪ್ಯೂಟರ್‌ನಲ್ಲಿ ಕನ್ನಡ, ಇಷ್ಟು ವಿಷಯ. ಭಾನುವಾರ. 120 ಜನ ಹಿಡಿಯುವ ಹಾಲ್. ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಕಾಲೇಜು ಜಾಗ ಕೊಡಲು ಒಪ್ಪಿದೆ. ಏಳು ಜನರಲ್ಲಿ ನಾನೂ ಸೇರಿ ಇಬ್ಬರು ಹೆಂಗಸರು.

ಮೊನ್ನೆ ಮೊದಲ ಮೀಟಿಂಗ್ ಆಯಿತು. "ಹೆಣ್ಣುಮಕ್ಕಳು ಜಾಸ್ತಿ ಬರಬೇಕು" ಅಂತ ಎಲ್ಲರೂ ಹೇಳಿದರು. ಮನಸಾರೆಯೇ ಹೇಳಿದರು. ಹೇಗೆ ಅಂತ ಕೇಳಿದಾಗ, ಮಹಿಳೆಯರಿಗೆ ಅಂತ ಒಂದು ಚರ್ಚಾಗೋಷ್ಠಿ, ಗುಲಾಬಿ ಬಣ್ಣದ ಪೋಸ್ಟರ್, ಇಷ್ಟಕ್ಕೆ ಮಾತು ನಿಂತಿತು. ನನಗೆ ಅದು ಸಾಲದು ಅನಿಸಿತು. ಯಾಕೆ ಅಂತ ಹೇಳಲು ನನ್ನದೇ ಒಂದು ದಿನದ ಕಥೆ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ದೊಡ್ಡ ಸಮ್ಮೇಳನಕ್ಕೆ ಹೋಗಿದ್ದೆ. ಟಿಕೆಟ್ ದುಡ್ಡು ನನ್ನದೇ. ಬೆಳಿಗ್ಗೆ ಐದೂಮುಕ್ಕಾಲಿಗೆ ಕ್ಯಾತ್ಸಂದ್ರದಲ್ಲಿ ಬಸ್ ಹತ್ತಿದೆ. ನೋಂದಣಿ ಮೇಜಿನಲ್ಲಿದ್ದ ಹುಡುಗ ಪಟ್ಟಿ ನೋಡದೇ "ಎಚ್‌ಆರ್ ಟೀಮಾ ಮೇಡಂ?" ಅಂದ. ನಾನು ಆಗಲೇ ಆರು ವರ್ಷದಿಂದ ಬ್ಯಾಕೆಂಡ್ ಕೋಡ್ ಬರೆಯುತ್ತಿದ್ದೆ. ಟೀ ಶರ್ಟ್ ಕೊಟ್ಟರು. ಎಲ್ಲ ಗಂಡಸರ ಅಳತೆ, ಅದೂ ಮೀಡಿಯಂನಿಂದ ಮೇಲಿನವು ಮಾತ್ರ. ಟೀ ಹೊತ್ತಿಗೆ ಎಲ್ಲ ಕಡೆ ಐದಾರು ಜನ ಸುತ್ತು ಕಟ್ಟಿ ನಿಂತಿದ್ದರು. ನನಗೆ ಕಾಣುತ್ತಿದ್ದದ್ದು ಬರೀ ಬೆನ್ನು. ಕಪ್ಪು ಹಿಡಿದುಕೊಂಡು ಕಂಬದ ಪಕ್ಕ ನಿಂತು ಫೋನಿನಲ್ಲಿ ಏನೋ ಓದುವ ಹಾಗೆ ಮಾಡಿದೆ. ನಾನು ಅಷ್ಟು ದೂರ ಹೋಗಿದ್ದೇ ಡೇಟಾಬೇಸ್ ಬಗ್ಗೆ ಇದ್ದ ಒಂದು ಭಾಷಣಕ್ಕೆ. ಅದು ಸಂಜೆ ಆರೂಕಾಲಕ್ಕೆ ಇತ್ತು. ಅದು ಮುಗಿಸಿ, ಮೆಜೆಸ್ಟಿಕ್‌ಗೆ ಬಂದು, ತುಮಕೂರು ಬಸ್ ಹಿಡಿದು ಮನೆ ಸೇರುವ ಹೊತ್ತಿಗೆ ರಾತ್ರಿ ಹನ್ನೊಂದು ಆಗುತ್ತಿತ್ತು. ಆ ಭಾಷಣ ಕೇಳದೇ ಸಂಜೆ ಐದೂವರೆಗೇ ಎದ್ದು ಬಂದೆ.

ಅವತ್ತು ಯಾರೂ ನನಗೆ ಕೆಟ್ಟದ್ದು ಮಾಡಲಿಲ್ಲ, ಕೆಟ್ಟ ಮಾತೂ ಆಡಲಿಲ್ಲ. ಆದರೆ ಮುಂದಿನ ವರ್ಷ ಟಿಕೆಟ್ ತೆಗೆಯಲು ಮನಸ್ಸೇ ಬರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಹೇಳಿ. ಇಂಥ ಕಾರ್ಯಕ್ರಮಕ್ಕೆ ಹೋಗಿ ಮಧ್ಯದಲ್ಲೇ ಎದ್ದು ಬಂದಿದ್ದರೆ, ಯಾಕೆ? ಹೋಗಲೇ ಇಲ್ಲ ಅಂದರೆ ತಡೆದದ್ದು ಏನು? ಸಣ್ಣದು ಅನಿಸಿದರೂ ಬರೆಯಿರಿ.

ಚಿಂತಾಮಣಿಯ ಅಮ್ಮ

ನನ್ನನ್ನು ತಡೆದದ್ದು ಹದಿನಾಲ್ಕು ತಿಂಗಳ ಮಗು. ತಡೆದದ್ದು ಮಗು ಅನ್ನುವುದೂ ತಪ್ಪು, ಮಗುವಿಗೆ ಜಾಗ ಇಲ್ಲದೇ ಇದ್ದದ್ದು.

ಕಂಟೈನರ್ (ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಒಂದೇ ಪೊಟ್ಟಣ ಮಾಡಿ ಓಡಿಸುವ ರೀತಿ) ಬಗ್ಗೆ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಮಗು ನೋಡಿಕೊಳ್ಳಲು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಗೇಟಿನಲ್ಲಿ ಅಮ್ಮನನ್ನು ಬಿಡಲಿಲ್ಲ, ಅವರಿಗೆ ನೋಂದಣಿ ಇಲ್ಲ ಅಂತ. ಅಮ್ಮ ಪಾರ್ಕಿಂಗ್ ಪಕ್ಕದ ಕಲ್ಲು ಬೆಂಚಿನ ಮೇಲೆ ಮಗು ಎತ್ತಿಕೊಂಡು ಕೂತರು. ಹಾಲು ಕೊಡಲು ಮೂರು ಸಲ ಹೊರಗೆ ಬಂದೆ. ಮೆಟ್ಟಿಲ ಕೆಳಗೆ, ಕಬ್ಬಿಣದ ಬಾಗಿಲ ಹಿಂದೆ, ದುಪ್ಪಟ್ಟಾ ಹೊದ್ದುಕೊಂಡು ಕೂತು ಹಾಲು ಕೊಟ್ಟೆ. ಒಂದು ಸಲ ಯಾರೋ ಸಿಗರೇಟು ಸೇದಲು ಅಲ್ಲಿಗೇ ಬಂದರು. ಮೂರನೇ ಸಲ ವಾಪಸ್ ಹೋಗುವಷ್ಟರಲ್ಲಿ ಎಲ್ಲರೂ ಕಂಟೈನರ್ ಓಡಿಸುತ್ತಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಬೇಕಾದ ಇಮೇಜ್ ಫೈಲೇ ಇನ್ನೂ ಡೌನ್‌ಲೋಡ್ ಆಗಿರಲಿಲ್ಲ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ರೂಮು. ಒಂದು ಚಾಪೆ, ಒಂದು ಫ್ಯಾನು, ಒಂದು ಕುರ್ಚಿ. ಹಾಲ್‌ನಲ್ಲಿ ನಡೆಯುವ ಮಾತು ಅಲ್ಲಿಗೂ ಕೇಳಿಸುವ ಹಾಗೆ ಒಂದು ಸ್ಪೀಕರ್ ಇಟ್ಟರೆ ಇನ್ನೂ ಒಳ್ಳೆಯದು. ಮಗು ನೋಡಿಕೊಳ್ಳಲು ಜೊತೆಗೆ ಬರುವವರಿಗೆ ಟಿಕೆಟ್ ಬೇಡ ಅಂತ ಒಂದು ಸಾಲು. ಆ ಸಾಲು ಕರೆಯೋಲೆಯಲ್ಲೇ ಇರಬೇಕು. "ಕೇಳಿದ್ದರೆ ಕೊಡುತ್ತಿದ್ದೆವು" ಅಂತ ಆಮೇಲೆ ಹೇಳಿದರೆ ಪ್ರಯೋಜನ ಇಲ್ಲ. ಮಗು ಇರುವವಳು ಫೋನ್ ಮಾಡಿ ಕೇಳುವುದಿಲ್ಲ, ಸುಮ್ನೆ ಮನೆಯಲ್ಲಿ ಉಳಿದುಬಿಡುತ್ತಾಳೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುವಿಹಾರ ಇರಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿ ಆಗಿದೆ. ಸಮ್ಮೇಳನಕ್ಕೆ ಅದು ಅನ್ವಯಿಸುವುದಿಲ್ಲ, ಸರಿ. ಆದರೆ ತಾಯಿ ಅದೇ ತಾಯಿ, ಮಗು ಅದೇ ಮಗು ಅಲ್ವಾ?

ತಿಪಟೂರು ಸರ್ವರ್

ನಾನು ಗಂಡಸು. ಇಂಥ ಕಡೆ ನಾಲ್ಕೈದು ವರ್ಷ ಸ್ವಯಂಸೇವಕನಾಗಿ ಕೆಲಸ ಮಾಡಿದ್ದೇನೆ. ಮೇಲಿನದು ಓದಿ ನನ್ನದೇ ಒಂದು ತಪ್ಪು ನೆನಪಾಯಿತು. ಬರೆಯಲೇಬೇಕು ಅನಿಸಿತು.

ಸಹಾಯದ ಮೇಜಿನಲ್ಲಿ ಕೂತಿದ್ದೆ. ಒಬ್ಬ ಹುಡುಗಿ ಬಂದು ಎಸ್‌ಎಸ್‌ಎಚ್ ಕೀ (ದೂರದ ಸರ್ವರ್‌ಗೆ ಲಾಗಿನ್ ಆಗುವ ಡಿಜಿಟಲ್ ಕೀಲಿ) ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಕೇಳಿದಳು. ಪಕ್ಕದಲ್ಲಿ ಅವಳ ಸಹೋದ್ಯೋಗಿ ಹುಡುಗ ಸುಮ್ನೆ ನಿಂತಿದ್ದ. ಕೇಳಿದ್ದು ಅವಳು. ನಾನು ಉತ್ತರ ಹೇಳಿದ್ದು ಅವನ ಮುಖ ನೋಡಿಕೊಂಡು. ಆಮೇಲೆ ಅವಳ ಕೈಯಿಂದ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಕೊಂಡು ನಾನೇ ಟೈಪ್ ಮಾಡಿ ಸರಿ ಮಾಡಿದೆ. ಆ ಹುಡುಗನೇ "ಸರ್, ಕೇಳಿದ್ದು ಅವರು" ಅಂದ. ಆಗ ನನಗೆ ಗೊತ್ತಾಯಿತು. ಬೇಕು ಅಂತ ಮಾಡಿದ್ದಲ್ಲ. ಆದರೆ ಅವಳು ಆವತ್ತು ಏನೂ ಕಲಿಯಲಿಲ್ಲ, ನಾನು ಕಲಿಸಲೂ ಇಲ್ಲ.

ಅವತ್ತಿನಿಂದ ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೇನೆ. ಬೇರೆಯವರ ಕೀಬೋರ್ಡ್ ಮುಟ್ಟುವುದಿಲ್ಲ. ಬಾಯಿಂದ ಹೇಳುತ್ತೇನೆ, ಅವರು ಟೈಪ್ ಮಾಡುತ್ತಾರೆ. ಎರಡರಷ್ಟು ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಸ್ವಯಂಸೇವಕರಿಗೆಲ್ಲ ಇದನ್ನು ಮೊದಲೇ ಹೇಳಿಕೊಡಿ. ಹೆಂಗಸರಿಗೆ ವೆಬ್ ಪ್ರೋಗ್ರಾಮಿಂಗ್ ಹೇಳಿಕೊಡಲು 2014ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಜಾಂಗೋ ಗರ್ಲ್ಸ್ ಕಾರ್ಯಾಗಾರಗಳಲ್ಲಿ ಕಲಿಯುವವರನ್ನು ಸಣ್ಣ ಸಣ್ಣ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಬ್ಬರು ಹೇಳಿಕೊಡುವವರನ್ನು ಕೂರಿಸುತ್ತಾರೆ. ನೂರಾರು ಊರಿಗೆ ಹಬ್ಬಿದ ರೀತಿ ಅದು. ನಮಗೂ ಆಗುತ್ತದೆ.

ಟೀ ಹೊತ್ತಿನ ಸುತ್ತಿಗೂ ಒಂದು ಉಪಾಯ ಇದೆ. ಎರಿಕ್ ಹೋಲ್ಷರ್ ಅನ್ನುವವರು ಇದಕ್ಕೆ ಪ್ಯಾಕ್‌ಮ್ಯಾನ್ ನಿಯಮ ಅಂತ ಹೆಸರಿಟ್ಟರು. ಆ ಹಳೆಯ ವಿಡಿಯೋ ಗೇಮಿನ ಹಳದಿ ಗೊಂಬೆಗೆ ಬಾಯಿ ಸದಾ ತೆರೆದೇ ಇರುತ್ತದಲ್ಲ, ಹಾಗೆ. ಸುತ್ತು ನಿಂತಾಗ ಯಾವಾಗಲೂ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡೇ ನಿಲ್ಲುವುದು. ಯಾರಾದರೂ ಬಂದು ಆ ಜಾಗ ತುಂಬಿದರೆ, ಮತ್ತೆ ಸ್ವಲ್ಪ ಸರಿದು ಇನ್ನೊಂದು ಜಾಗ ಮಾಡುವುದು. ಬೆಳಿಗ್ಗೆ ಸ್ವಾಗತದ ಮಾತಿನಲ್ಲಿ ಒಂದು ನಿಮಿಷ ಇದನ್ನು ಹೇಳಿ, ನಾಲ್ಕು ಜನರನ್ನು ನಿಲ್ಲಿಸಿ ತೋರಿಸಿಬಿಡಿ. ಕ್ಯಾತ್ಸಂದ್ರದವರು ಕಂಬದ ಪಕ್ಕ ನಿಂತ ಹಾಗೆ ಇನ್ನೊಬ್ಬರು ನಿಲ್ಲಬಾರದು.

ಮಾರಿಕುಪ್ಪಂ ಲೋಕಲ್

ನಾನು ಕೆಜಿಎಫ್‌ನವಳು. ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಅದೇ ದಾರಿಯಲ್ಲಿ ವಾಪಸ್ ಬರುವವರಲ್ಲಿ ನಾನೂ ಒಬ್ಬಳು. ನಮ್ಮ ಬೋಗಿಯಲ್ಲಿ ಟೆಸ್ಟಿಂಗ್ ಮಾಡುವವರಿದ್ದಾರೆ, ಪೈಥಾನ್ ಕಲಿಯುತ್ತಿರುವವರಿದ್ದಾರೆ. ಸಂಜೆ ಏಳಕ್ಕೆ ಶುರುವಾಗುವ ಮೀಟಪ್‌ಗೆ ನಮ್ಮಲ್ಲಿ ಒಬ್ಬರೂ ಒಂದು ಸಲವೂ ಹೋಗಿಲ್ಲ. ರೈಲು ನಮಗಾಗಿ ಕಾಯುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಬಸ್ಸು ರೈಲಿನ ವೇಳಾಪಟ್ಟಿ ಎದುರಿಗಿಟ್ಟುಕೊಳ್ಳಿ. ಆಮೇಲೆ ಕಾರ್ಯಕ್ರಮದ ಪಟ್ಟಿ ಬರೆಯಿರಿ. ತುಮಕೂರಿನಿಂದ ಪಾವಗಡ ನೂರು ಕಿಲೋಮೀಟರ್ ಹತ್ತಿರ. ಕೋಲಾರದ ಕಡೆಯಿಂದ ಬರುವವರು ಬೆಂಗಳೂರು ದಾಟಿಯೇ ಬರಬೇಕು. ಮೆಟ್ರೋ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದ ಮೇಲೆ ಸ್ವಲ್ಪ ಸಲೀಸು. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಮಾದಾವರಕ್ಕೆ ಬಂದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಅಲ್ಲಿಂದ ತುಮಕೂರು ರಸ್ತೆಯೇ. ಇದನ್ನೆಲ್ಲ ಕರೆಯೋಲೆಯಲ್ಲಿ ಬಿಡಿಸಿ ಬರೆಯಿರಿ. ಯಾವ ಊರಿನವರು ಯಾವ ಬಸ್ ಹಿಡಿಯಬೇಕು, ಎಲ್ಲಿ ಇಳಿಯಬೇಕು, ಇಳಿದ ಮೇಲೆ ನಡೆಯುವ ದೂರವಾ, ಆಟೋ ಬೇಕಾ.

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಾಗಿಲ್ಲ. ಕಾಲೇಜು ಹುಡುಗಿಯರಿಗೆ ಇದು ತುಂಬಾ ದೊಡ್ಡದು. ಮನೆಯಲ್ಲಿ ದುಡ್ಡು ಕೇಳದೇ ಹೊರಡಬಹುದು. ಆದರೆ ನಮ್ಮ ಮೂರೂ ಜಿಲ್ಲೆಯಲ್ಲಿ ಖಾಸಗಿ ಬಸ್ಸೇ ಗತಿ ಅನ್ನುವ ದಾರಿಗಳು ಇವೆ. ಅಲ್ಲಿ ಶಕ್ತಿ ನಡೆಯುವುದಿಲ್ಲ. ಪ್ರಾಯೋಜಕರು ಸಿಕ್ಕರೆ ಟೀ ಶರ್ಟ್ ಬಿಡಿ, ಆ ದುಡ್ಡಿನಲ್ಲಿ ದೂರದವರ ಬಸ್ ಚಾರ್ಜ್ ಕೊಡಿ.

ಇನ್ನೊಂದು. ಮನೆಯಲ್ಲಿ ಅಡುಗೆ ಮುಗಿಸಿ, ಎಲ್ಲರಿಗೂ ಡಬ್ಬಿ ಕಟ್ಟಿ, ತಾವು ಮಾತ್ರ ತಿನ್ನದೇ ಓಡಿ ಬರುವವರು ನಾವು. ಬೆಳಿಗ್ಗೆ ಬಂದ ತಕ್ಷಣ ತಿಂಡಿ ಇಡಿ. ನಿಮ್ಮೂರಿನ ತಟ್ಟೆ ಇಡ್ಲಿಯೇ ಸಾಕು.

ಎಸ್‌ಎಸ್ ಪುರಂ ಜಾವಾ

ತಪ್ಪು ತಿಳಿಯಬೇಡಿ, ನನಗೆ ನಿಜವಾಗಿಯೂ ಅರ್ಥವಾಗದೇ ಕೇಳುತ್ತಿದ್ದೇನೆ. ಬಸ್ಸು, ಮಗು, ತಿಂಡಿ, ಇದೆಲ್ಲ ಟೆಕ್ ಸಮ್ಮೇಳನ ಮಾಡುವವರ ಕೆಲಸವಾ? ಒಳ್ಳೆಯ ವಿಷಯ, ಒಳ್ಳೆಯ ಭಾಷಣಕಾರರು ಇದ್ದರೆ ಆಸಕ್ತಿ ಇರುವವರು ಹೇಗಾದರೂ ಬರುತ್ತಾರೆ. ಹೆಣ್ಣು ಗಂಡು ಅಂತ ಬೇರೆ ಬೇರೆ ನೋಡಿದರೆ ಭೇದ ಇನ್ನೂ ಜಾಸ್ತಿ ಆಗುವುದಿಲ್ಲವಾ?

ಕ್ಯಾತ್ಸಂದ್ರದವಳು

ಕೇಳಿದ್ದು ಒಳ್ಳೆಯದಾಯಿತು. ನಮ್ಮ ತಂಡದಲ್ಲೂ ಇಬ್ಬರ ಮನಸ್ಸಿನಲ್ಲಿ ಇದೇ ಪ್ರಶ್ನೆ ಇದೆ.

ಮೊನ್ನೆಯ ಮೀಟಿಂಗ್‌ನಲ್ಲಿ ನಾವು ಬೈಕ್ ಪಾರ್ಕಿಂಗ್ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ಎಷ್ಟು ಬೈಕ್ ಬರಬಹುದು, ಹೆಲ್ಮೆಟ್ ಎಲ್ಲಿಡುವುದು, ಎಲ್ಲವನ್ನೂ. ಅದು ಬೈಕ್‌ನಲ್ಲಿ ಬರುವವರ ಅನುಕೂಲ. ಅದನ್ನು ಯಾರೂ ವಿಶೇಷ ಸೌಲಭ್ಯ ಅನ್ನಲಿಲ್ಲ, ಸಮ್ಮೇಳನದ ಕೆಲಸ ಅಂದರು. ಬಸ್ಸಿನಲ್ಲಿ ಬರುವವಳ ಬಗ್ಗೆ ಮಾತಾಡಿದರೆ ಮಾತ್ರ ಅದು ಬೇರೆ ಕೆಲಸ ಯಾಕಾಗುತ್ತದೆ?

ಆಸಕ್ತಿ ಇರುವವರು ಹೇಗಾದರೂ ಬರುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಇಂಜಿನಿಯರಿಂಗ್ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರೇ ಇದ್ದೆವು. ಅದೇ ಊರಿನಲ್ಲಿ ನಡೆದ ಮೀಟಪ್‌ನಲ್ಲಿ ನಲವತ್ತು ಜನರಲ್ಲಿ ನಾವು ಮೂವರು. ಕ್ಲಾಸಿನಲ್ಲಿ ಇದ್ದ ಆಸಕ್ತಿ ಎರಡು ಕಿಲೋಮೀಟರ್ ದಾಟುವಷ್ಟರಲ್ಲಿ ಎಲ್ಲಿ ಹೋಯಿತು?

ಹೆಂಗಸರಿಗೇ ಅಂತ ಬೇರೆ ಜಾಗ ಮಾಡುವ ವಿಷಯಕ್ಕೆ ಬಂದರೆ, ಅದೂ ಹುಟ್ಟಿದ್ದು ಸಮ್ಮೇಳನದಲ್ಲೇ. 1987ರಲ್ಲಿ ಅಮೆರಿಕದಲ್ಲಿ ಆಪರೇಟಿಂಗ್ ಸಿಸ್ಟಂ ಬಗ್ಗೆ ಒಂದು ದೊಡ್ಡ ವಿಚಾರ ಸಂಕಿರಣ ನಡೆಯಿತು. ಅಲ್ಲಿಗೆ ಬಂದಿದ್ದ ಬೆರಳೆಣಿಕೆಯ ಹೆಂಗಸರು ಒಟ್ಟಿಗೆ ಕೂತು ಮಾತಾಡಿದರು. ಅವರಲ್ಲಿ ಒಬ್ಬರಾದ ಕಂಪ್ಯೂಟರ್ ವಿಜ್ಞಾನಿ ಅನೀಟಾ ಬೋರ್ಗ್ ಅದನ್ನೇ ಸಿಸ್ಟರ್ಸ್ ಅನ್ನುವ ಬಳಗವಾಗಿ ಬೆಳೆಸಿದರು. 1994ರಲ್ಲಿ ಅವರೂ ಟೆಲ್ ವಿಟ್ನಿ ಅವರೂ ಸೇರಿ, ಹಿಂದಿನ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಹೆಸರಿನಲ್ಲಿ ಹೆಂಗಸರ ಸಮ್ಮೇಳನ ಶುರು ಮಾಡಿದರು. ಅದರ ಭಾರತದ ಆವೃತ್ತಿ 2010ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಇವರಲ್ಲಿ ಯಾರೂ ಗಂಡಸರ ಜೊತೆ ಕೆಲಸ ಬೇಡ ಅಂತ ಹೋದವರಲ್ಲ. ದೊಡ್ಡ ಹಾಲ್‌ನಲ್ಲಿ ಮಾತಾಡುವ ಧೈರ್ಯ ಮೊದಲು ಸಣ್ಣ ರೂಮಿನಲ್ಲಿ ಬರುತ್ತದೆ, ಅಷ್ಟೇ.

ಕೋಲಾರದ ಮೇಡಂ

ನಾನು ಹನ್ನೆರಡು ವರ್ಷದಿಂದ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದೇನೆ. ನನ್ನ ಅನುಭವದ ಎರಡು ಮೂರು ವಿಷಯ.

"ಯಾರು ಬೇಕಾದರೂ ಭಾಷಣಕ್ಕೆ ಹೆಸರು ಕೊಡಬಹುದು" ಅಂತ ನೋಟಿಸ್ ಹಾಕಿದರೆ ನನ್ನ ಹುಡುಗಿಯರು ಕೊಡುವುದಿಲ್ಲ. ಅದೇ ವಿಷಯ ಅರ್ಧ ಗೊತ್ತಿರುವ ಹುಡುಗ ಕೊಡುತ್ತಾನೆ. ನಾನು ಹೋಗಿ ಹೆಸರು ಹಿಡಿದು ಕರೆದು, "ನಿನ್ನ ಪ್ರಾಜೆಕ್ಟ್‌ನಲ್ಲಿ ರೇಷ್ಮೆಗೂಡಿನ ಫೋಟೋ ನೋಡಿ ಗುಣಮಟ್ಟ ಹೇಳುವ ಭಾಗ ಇತ್ತಲ್ಲ, ಅದನ್ನೇ ಇಪ್ಪತ್ತು ನಿಮಿಷ ಹೇಳು" ಅಂದರೆ ಒಪ್ಪುತ್ತಾರೆ. ಯಾವ ವಿಷಯ ಅಂತ ಬೊಟ್ಟು ಮಾಡಿ ತೋರಿಸಿ ಕೇಳಬೇಕು. "ಏನಾದರೂ ಮಾತಾಡು" ಅಂದರೆ ಆಗುವುದಿಲ್ಲ. ತಾನು ಇಲ್ಲಿಗೆ ತಕ್ಕವಳಲ್ಲ, ಒಂದು ದಿನ ಗುಟ್ಟು ರಟ್ಟಾಗುತ್ತದೆ ಅನ್ನುವ ಒಳಗಿನ ಅಳುಕನ್ನು ಪಾಲಿನ್ ಕ್ಲಾನ್ಸ್, ಸುಜಾನ್ ಐಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಬರೆದಿಟ್ಟರು. ಅವರು ನೋಡಿದ್ದು ಒಳ್ಳೆಯ ಸಾಧನೆ ಮಾಡಿದ್ದ ಹೆಂಗಸರನ್ನೇ. ನನ್ನ ಕ್ಲಾಸಿನ ರ‍್ಯಾಂಕ್ ಹುಡುಗಿಯಲ್ಲೂ ನಾನು ಅದನ್ನೇ ನೋಡುತ್ತೇನೆ.

ಭಾಷಣ ಆರಿಸುವಾಗ ಹೆಸರು ಮುಚ್ಚಿ ಆರಿಸಿ. ಪರೀಕ್ಷೆ ಪತ್ರಿಕೆ ತಿದ್ದುವಾಗ ನಾವು ಹೆಸರು ನೋಡುವುದಿಲ್ಲ, ಇದಕ್ಕೆ ಯಾಕೆ ನೋಡಬೇಕು? ಬರ್ಲಿನ್‌ನ ಜೆಎಸ್‌ಕಾನ್ಫ್ ಇಯು ಅನ್ನುವ ಜಾವಾಸ್ಕ್ರಿಪ್ಟ್ ಸಮ್ಮೇಳನ 2012ರಲ್ಲಿ ಹೀಗೇ ಮಾಡಿತು. ಮೊದಲು ಹೆಂಗಸರನ್ನು ಹುಡುಕಿ ಹುಡುಕಿ ಅರ್ಜಿ ಹಾಕಿ ಅಂತ ಕೇಳಿದರು. ಆಮೇಲೆ ಹೆಸರು ತೆಗೆದು ಆರಿಸಿದರು. ಆರಿಸಿದ ಭಾಷಣಕಾರರಲ್ಲಿ ನಾಲ್ಕರಲ್ಲಿ ಒಬ್ಬರು ಹೆಂಗಸರು. ಕೇಳದೇ ಬರೀ ಹೆಸರು ಮುಚ್ಚಿದ್ದರೆ ಹೀಗೆ ಆಗುತ್ತಿರಲಿಲ್ಲ. ಅರ್ಜಿಯೇ ಬರದಿದ್ದರೆ ಆರಿಸುವುದು ಯಾರನ್ನು?

ಪ್ರಶ್ನೆ ಕೇಳುವ ಹೊತ್ತು ಇನ್ನೊಂದು. ಹತ್ತು ದೇಶಗಳಲ್ಲಿ ಸುಮಾರು 250 ಸೆಮಿನಾರ್ ನೋಡಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ಲೋಸ್ ಒನ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಗಂಡಸರು ಪ್ರಶ್ನೆ ಕೇಳುವ ಸಂಭವ ಹೆಂಗಸರ ಎರಡೂವರೆ ಪಟ್ಟು. ಮೊದಲ ಪ್ರಶ್ನೆ ಗಂಡಸಿನದ್ದಾದರೆ ಆಮೇಲೆ ಹೆಂಗಸರ ಪ್ರಶ್ನೆ ಇನ್ನೂ ಕಡಿಮೆ. ಹಾಗಾಗಿ ಮೈಕ್ ಹಿಡಿದು ಓಡಾಡುವವರಿಗೆ ಮೊದಲೇ ಹೇಳಿ, ಮೊದಲ ಪ್ರಶ್ನೆ ಹುಡುಗಿಯರ ಸಾಲಿನಿಂದ ಬರಲಿ. ಚೀಟಿಯಲ್ಲಿ ಬರೆದು ಕಳಿಸಲೂ ಅವಕಾಶ ಇರಲಿ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರಲಿ. ಇಂಗ್ಲಿಷ್ ತಪ್ಪಾದೀತು ಅಂತ ನುಂಗಿಕೊಂಡ ಪ್ರಶ್ನೆಗಳು ನನ್ನ ಕ್ಲಾಸಿನಲ್ಲಿ ಎಷ್ಟಿವೆಯೋ.

ಚಿಂತಾಮಣಿಯ ತಾಯಿಗೆ ಒಂದು ಮಾತು. ಎ. ಲಲಿತಾ ಅಂತ ಒಬ್ಬರಿದ್ದರು. ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡಾಗ ಕೈಯಲ್ಲಿ ನಾಲ್ಕು ತಿಂಗಳ ಹೆಣ್ಣುಮಗು. ಆಮೇಲೆ ಓದಿ 1943ರಲ್ಲಿ ಮದ್ರಾಸಿನ ಗಿಂಡಿ ಕಾಲೇಜಿನಿಂದ ಎಲೆಕ್ಟ್ರಿಕಲ್ ಇಂಜಿನಿಯರ್ ಆದರು. 1964ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮಹಿಳಾ ಇಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೂ ಹೋಗಿ ಬಂದರು. ಮಗು ಇರುವವಳಿಗೆ ಸಮ್ಮೇಳನ ಯಾಕೆ ಅನ್ನುವವರಿಗೆ ನಾನು ಅವರ ಹೆಸರು ಹೇಳುತ್ತೇನೆ. ನೀವು ಬನ್ನಿ, ಮಗುವನ್ನೂ ಕರೆತನ್ನಿ.

ಶಿಡ್ಲಘಟ್ಟದ ಹುಡುಗಿ

ನಾನು ಆರನೇ ಸೆಮಿಸ್ಟರ್. ಇದನ್ನು ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ.

ಕಳೆದ ವರ್ಷ ಒಂದು ಹ್ಯಾಕಥಾನ್‌ಗೆ (ತಂಡ ಕಟ್ಟಿ ಕೋಡ್ ಬರೆಯುವ ಸ್ಪರ್ಧೆ) ಹೋಗಿದ್ದೆ. ರಾತ್ರಿ ಹತ್ತರವರೆಗೂ ನಡೆಯಿತು. ನಮ್ಮ ತಂಡದಲ್ಲಿ ನಾನೊಬ್ಬಳೇ ಹುಡುಗಿ. ಯಾರೋ ಫೋಟೋ ತೆಗೆದರು. ನಾನು ನಗುತ್ತಾ ಪಕ್ಕದವನ ಲ್ಯಾಪ್‌ಟಾಪ್ ನೋಡುತ್ತಿದ್ದ ಫೋಟೋ. ಅವರು ಅದನ್ನು ಇನ್‌ಸ್ಟಾಗ್ರಾಂಗೆ ಹಾಕಿದರು. ಮಾರನೇ ದಿನ ಅದು ನಮ್ಮ ದೊಡ್ಡಪ್ಪನ ವಾಟ್ಸಾಪ್ ಗುಂಪಿನಲ್ಲಿತ್ತು. ನಮ್ಮ ತಂಡಕ್ಕೆ ಮೂರನೇ ಬಹುಮಾನ ಬಂದಿತ್ತು. ಮನೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ. ಪಕ್ಕದಲ್ಲಿದ್ದವನು ಯಾರು ಅಂತ ಕೇಳಿದರು. ಆಮೇಲೆ ಎರಡು ಹ್ಯಾಕಥಾನ್‌ಗೆ ನನ್ನನ್ನು ಕಳಿಸಲಿಲ್ಲ.

ಫೋಟೋ ತೆಗೆದವರು ಒಳ್ಳೆಯವರೇ. ಅವರಿಗೆ ಗೊತ್ತಿರಲಿಲ್ಲ. ಒಂದು ಮಾತು ಕೇಳಿದ್ದರೆ ಬೇಡ ಅನ್ನುತ್ತಿದ್ದೆ.

ಆಡಾಕ್ಯಾಂಪ್ ಬಗ್ಗೆ ಓದಿದ್ದೇನೆ. ವ್ಯಾಲರಿ ಅರೋರಾ, ಮೇರಿ ಗಾರ್ಡಿನರ್ ಇಬ್ಬರೂ 2011ರಲ್ಲಿ ಕಟ್ಟಿದ ಆಡಾ ಇನಿಶಿಯೇಟಿವ್ ಅನ್ನುವ ಸಂಸ್ಥೆ ಹೆಂಗಸರಿಗಾಗಿ ನಡೆಸುತ್ತಿದ್ದ ಶಿಬಿರಗಳು. 2014ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೂ ಒಂದು ಆಗಿತ್ತು. ಅಲ್ಲಿ ಕೊರಳಿನ ಪಟ್ಟಿಗೆ ಮೂರು ಬಣ್ಣ. ಹಸಿರು ಅಂದರೆ ಫೋಟೋ ತೆಗೆಯಬಹುದು. ಹಳದಿ ಅಂದರೆ ಕೇಳಿ ತೆಗೆಯಬೇಕು. ಕೆಂಪು ಅಂದರೆ ತೆಗೆಯಲೇಬಾರದು. ಯಾರಿಗೂ ವಿವರಣೆ ಕೊಡಬೇಕಾಗಿಲ್ಲ, ಯಾರ ಜೊತೆಗೂ ಜಗಳ ಆಡಬೇಕಾಗಿಲ್ಲ. ಸುಮ್ಮನೆ ಕೂತು ಸುಧಾರಿಸಿಕೊಳ್ಳಲು ಒಂದು ಶಾಂತವಾದ ರೂಮೂ ಇರುತ್ತಿತ್ತಂತೆ. ಆ ಸಂಸ್ಥೆ 2015ರಲ್ಲಿ ಮುಚ್ಚಿತು. ಆದರೆ ಅವರು ಮಾಡಿದ ರೀತಿಯನ್ನೆಲ್ಲ ಎಲ್ಲರೂ ಬಳಸಲಿ ಅಂತ ಬಿಟ್ಟು ಹೋಗಿದ್ದಾರೆ.

ಕೆಂಪು ಪಟ್ಟಿ ಕೊಡುತ್ತೀರಿ ಅಂತಾದರೆ ನಾನು ಬರುತ್ತೇನೆ. ಅಪ್ಪನಿಗೆ ಈ ನಿಯಮವನ್ನೇ ತೋರಿಸುತ್ತೇನೆ.

ಗೌರಿಬಿದನೂರು ಪಿಕ್ಸೆಲ್

ನನಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುತ್ತದೆ. ಗಂಡಸರಲ್ಲಿ ಇದು ಹೆಂಗಸರಿಗಿಂತ ಜಾಸ್ತಿ. ಕ್ಯಾಮೆರಾ ಹಿಡಿದವನು ನನ್ನಂಥವನಾದರೆ? ಬಣ್ಣದ ಜೊತೆ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: "ತೆಗೆಯಿರಿ", "ಕೇಳಿ", "ಬೇಡ".

ಪಾವಗಡ ಸೋಲಾರ್

ಭಾಷಣ ಮಾಡಲು ಹೋದ ಹೆಂಗಸರ ಕಷ್ಟ ಒಂದನ್ನು ಹೇಳಲೇಬೇಕು. ಮೈಕ್.

ಸೀರೆ ಉಟ್ಟು ವೇದಿಕೆ ಹತ್ತಿದ್ದೆ. ಆಡಿಯೋ ಹುಡುಗ ಕಾಲರ್ ಮೈಕ್ ತಂದ. ಅದರ ಜೊತೆ ಇಸ್ಪೀಟ್ ಪೊಟ್ಟಣದಷ್ಟು ದಪ್ಪದ ಬ್ಯಾಟರಿ ಡಬ್ಬಿ. ಅದನ್ನು ಬೆಲ್ಟಿಗೆ ಸಿಕ್ಕಿಸಬೇಕು, ಇಲ್ಲ ಜೇಬಿಗೆ ಹಾಕಬೇಕು. ನನಗೆ ಬೆಲ್ಟೂ ಇಲ್ಲ, ಜೇಬೂ ಇಲ್ಲ, ಕಾಲರೂ ಇಲ್ಲ. ಇನ್ನೂರು ಜನರ ಮುಂದೆ ಅವನು ಎಲ್ಲಿ ಸಿಕ್ಕಿಸಲಿ ಅಂತ ಹುಡುಕುತ್ತಿದ್ದ. ಅವನಿಗೂ ಮುಜುಗರ, ನನಗೂ ಮುಜುಗರ. ಕೊನೆಗೆ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ಮಾತಾಡಿದೆ. ಸ್ಲೈಡ್ ಬದಲಿಸುವ ರಿಮೋಟ್ ಬಲಗೈಯಲ್ಲಿ. ನೀರು ಕುಡಿಯಲು ಕೈ ಇರಲಿಲ್ಲ.

ಪರಿಹಾರ ಸುಲಭ. ಕೈಯಲ್ಲಿ ಹಿಡಿಯುವ ಮೈಕ್, ಸ್ಟ್ಯಾಂಡ್ ಸಮೇತ. ಮೈಕ್ ಕೊಡುವ ಕೆಲಸಕ್ಕೆ ಒಬ್ಬ ಹುಡುಗಿ. ಹಿಂದಿನ ದಿನವೇ ಭಾಷಣಕಾರರಿಗೆ ಒಂದು ಮೆಸೇಜ್: ಯಾವ ಮೈಕ್ ಇದೆ, ವೇದಿಕೆಗೆ ಎಷ್ಟು ಮೆಟ್ಟಿಲು, ಡಯಾಸ್ ಎಷ್ಟು ಎತ್ತರ.

ಮಧುಗಿರಿ ವಕೀಲೆ

ಕಾನೂನಿನ ವಿಷಯ ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, ಆಮೇಲೆ 2013ರ ಕಾನೂನು, ಎರಡೂ ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯಲು ಬಂದವು. ಕಚೇರಿಯ ನಾಲ್ಕು ಗೋಡೆ ಮಾತ್ರ ಕೆಲಸದ ಜಾಗ ಅಲ್ಲ. ಕೆಲಸದ ಸಲುವಾಗಿ ಹೋದ ಜಾಗ, ಕಂಪನಿ ಕೊಟ್ಟ ವಾಹನ, ಎಲ್ಲ ಸೇರುತ್ತದೆ. ಕಂಪನಿಯೇ ನಿಮ್ಮನ್ನು ಸಮ್ಮೇಳನಕ್ಕೆ ಕಳಿಸಿದ್ದರೆ, ಅಲ್ಲಿ ಆದದ್ದಕ್ಕೂ ನಿಮ್ಮ ಕಂಪನಿಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು, ತಕ್ಕ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಕೆಲಸ ಮಾಡುವವರಿಗೆ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ. ಕಾಲೇಜು ವಿದ್ಯಾರ್ಥಿನಿಯರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಗಳ ಪ್ರಕಾರ ಕಾಲೇಜಿನ ಆಂತರಿಕ ಸಮಿತಿ ಇದೆ. ನಿಮ್ಮ ಸಮ್ಮೇಳನ ಕಾಲೇಜಿನಲ್ಲಿ ನಡೆಯುತ್ತಿರುವುದರಿಂದ ಆ ಸಮಿತಿಯ ಅಧ್ಯಕ್ಷೆಗೆ ಮೊದಲೇ ಹೇಳಿಡಿ.

ಆದರೆ ಏಳು ಜನ ಗೆಳೆಯರು ಸೇರಿ ಮಾಡುವ ಕಾರ್ಯಕ್ರಮಕ್ಕೆ ತನ್ನದೇ ಸಮಿತಿ ಅಂತ ಇರುವುದಿಲ್ಲ. ಅದಕ್ಕೇ ನಿಮ್ಮದೇ ನಡವಳಿಕೆ ನಿಯಮ ಬೇಕು. ಚೆಂದದ ಮಾತು ಬೇಡ. ಏನು ಮಾಡಬಾರದು, ಹಾಗೇನಾದರೂ ನಡೆದರೆ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ, ಮೂರೂ ಇರಬೇಕು. ಮೂರನೆಯದು ಇಲ್ಲದ ನಿಯಮಗಳನ್ನು ನಾನು ಜಾಸ್ತಿ ನೋಡಿದ್ದೇನೆ. ಯಾರಾದರೂ ಬಂದು ಹೇಳಿಕೊಂಡರೆ ಮಾತು ತಡೆಯದೇ ಕೇಳಿ, ಅವಳ ಮಾತಲ್ಲೇ ಬರೆದುಕೊಳ್ಳಿ. "ಈಗ ನಿಮಗೇನು ಬೇಕು" ಅಂತ ಕೇಳಿ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಲು ಹೋಗಬೇಡಿ. ಅವಳ ಹೆಸರು ನಿಮ್ಮ ವಾಟ್ಸಾಪ್ ಗುಂಪಿಗೂ ಹೋಗಬಾರದು.

ಕ್ಯಾತ್ಸಂದ್ರದವಳು

ಎಲ್ಲವನ್ನೂ ಪ್ರಿಂಟ್ ತೆಗೆದುಕೊಂಡು ನಿನ್ನೆಯ ಮೀಟಿಂಗ್‌ಗೆ ಹೋಗಿದ್ದೆ. ಮೂರು ಗಂಟೆ ಕೂತೆವು. ಶಿಡ್ಲಘಟ್ಟದ ಹುಡುಗಿ ಬರೆದದ್ದನ್ನು ಗಟ್ಟಿಯಾಗಿ ಓದಿದಾಗ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೊನೆಯ ಭಾಷಣ ಆರಕ್ಕೆ ಇತ್ತು, ಈಗ ಇಡೀ ಕಾರ್ಯಕ್ರಮ ನಾಲ್ಕಕ್ಕೆ ಮುಗಿಯುತ್ತದೆ. ಹತ್ತಕ್ಕೆ ಶುರು, ಒಂಬತ್ತರಿಂದ ತಟ್ಟೆ ಇಡ್ಲಿ. ಎಲ್ಲರೂ ಕಾಯುವ ದೊಡ್ಡ ಭಾಷಣ ಹನ್ನೊಂದೂವರೆಗೆ. ಅದಕ್ಕಾಗಿ ನಾಲ್ಕು ಭಾಷಣ ಕಡಿಮೆ ಮಾಡಿದೆವು. ಒಬ್ಬರಿಗೆ ಬೇಜಾರಾಯಿತು, ಆಮೇಲೆ ಒಪ್ಪಿದರು. ಟೀ ಶರ್ಟ್ ಬಿಟ್ಟೆವು. ಮಂಡಿಪೇಟೆಯಲ್ಲಿ ಮೂರು ಬಣ್ಣದ ರಿಬ್ಬನ್ ತಂದಾಗಿದೆ, ಅಕ್ಷರ ಬರೆಯುವುದು ಬಾಕಿ. "ಎಚ್‌ಆರ್ ಟೀಮಾ" ಅಂತ ಯಾರನ್ನೂ ಕೇಳಬಾರದು ಅಂತ ನೋಂದಣಿ ಮೇಜಿನವರಿಗೆ ನಾನೇ ಹೇಳಿದೆ. ಹೆಸರು ಕೇಳಿ, ಯಾವ ಭಾಷಣಕ್ಕೆ ಬಂದಿರಿ ಅಂತ ಕೇಳಿ, ಸಾಕು.

ನಿಯಮ ಹೀಗೆ ಬರೆದಿದ್ದೇವೆ, ತಿದ್ದಿ:

"ಇಲ್ಲಿ ಯಾರ ಮೈ ಮೇಲೂ ಕೈ ಹಾಕಬಾರದು. ಮೈಕಟ್ಟು, ಬಟ್ಟೆ, ಜಾತಿ, ಬಣ್ಣ, ಭಾಷೆ, ಮದುವೆ ಬಗ್ಗೆ ಮಾತಾಡಬಾರದು. ಕೇಳದೇ ಫೋಟೋ ತೆಗೆಯಬಾರದು. ಬೇಡ ಅಂದ ಮೇಲೂ ಫೋನ್ ನಂಬರ್ ಕೇಳಬಾರದು, ಹಿಂದೆ ಹಿಂದೆ ಹೋಗಬಾರದು. ಭಾಷಣದ ಸ್ಲೈಡಿನಲ್ಲೂ ಇಂಥದ್ದು ಇರಬಾರದು. ಹೀಗೆ ಆದರೆ ಹಳದಿ ಬ್ಯಾಡ್ಜ್ ಹಾಕಿದ ಇಬ್ಬರಲ್ಲಿ ಯಾರಿಗಾದರೂ ಹೇಳಿ, ಇಲ್ಲವೇ ಮೆಸೇಜ್ ಮಾಡಿ. ನಿಮ್ಮ ಹೆಸರು ಹೊರಗೆ ಹೋಗುವುದಿಲ್ಲ. ತಪ್ಪು ಮಾಡಿದವರು ಭಾಷಣಕಾರರಾಗಿರಲಿ, ದುಡ್ಡು ಕೊಟ್ಟವರಾಗಿರಲಿ, ನಮ್ಮ ತಂಡದವರೇ ಆಗಿರಲಿ, ಹೊರಗೆ ಕಳಿಸುತ್ತೇವೆ. ಏನು ಮಾಡಿದೆವು ಅಂತ ಅದೇ ದಿನ ನಿಮಗೆ ತಿಳಿಸುತ್ತೇವೆ."

ಕೊನೆಗೆ ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಕರೆಯ 112 ಎರಡೂ ನಂಬರ್ ಹಾಕಿದ್ದೇವೆ.

ಮಧುಗಿರಿ ವಕೀಲೆ

ಚೆನ್ನಾಗಿದೆ. ಒಂದು ತಿದ್ದುಪಡಿ. ಬ್ಯಾಡ್ಜ್ ಹಾಕಿದ ಇಬ್ಬರಲ್ಲಿ ಒಬ್ಬರ ಮೇಲೆಯೇ ದೂರು ಇದ್ದರೆ? ನಿಮ್ಮ ತಂಡಕ್ಕೆ ಸೇರದ ಮೂರನೆಯವರ ನಂಬರ್ ಒಂದು ಇರಲಿ. ಯಾರೂ ಇಲ್ಲ ಅಂದರೆ ನನ್ನದು ಹಾಕಿ. ಅವತ್ತು ಇಡೀ ದಿನ ನಾನು ಅಲ್ಲೇ ಇರುತ್ತೇನೆ. ಇನ್ನು, ಹಳದಿ ಬ್ಯಾಡ್ಜ್ ಬೇಡ, ಫೋಟೋ ಪಟ್ಟಿಯ ಹಳದಿಗೂ ಇದಕ್ಕೂ ಗೊಂದಲ ಆಗುತ್ತದೆ. ನೀಲಿ ಮಾಡಿ.

ಕೋಲಾರದ ಮೇಡಂ

ನಮ್ಮ ಕಾಲೇಜಿನಿಂದ ಹದಿನಾಲ್ಕು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ಮೂವರು ಭಾಷಣಕ್ಕೆ ಅರ್ಜಿ ಹಾಕಿದ್ದಾರೆ. ನಾನು ಜೊತೆಗೆ ಬರುತ್ತೇನೆ. ಮನೆಯವರಿಗೆ ಕೊಡಲು ಕನ್ನಡದಲ್ಲಿ ಒಂದು ಪುಟದ ಪತ್ರ ಬೇಕು. ಎಲ್ಲಿ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾರಿಗೆ ಫೋನ್ ಮಾಡಬಹುದು ಅಂತ.

ಎಸ್‌ಎಸ್ ಪುರಂ ಜಾವಾ

ಬೈಕ್ ಪಾರ್ಕಿಂಗ್ ಮಾತು ಓದಿದ ಮೇಲೆ ನನ್ನ ತಂಗಿಯನ್ನು ಕೇಳಿದೆ, ನೀನು ಯಾಕೆ ಮೀಟಪ್‌ಗೆ ಹೋಗುವುದಿಲ್ಲ ಅಂತ. ಅವಳೂ ಡೆವಲಪರ್. ಅವಳು ಹೇಳಿದ ಮೂರೂ ಕಾರಣ ಇಲ್ಲಿ ಆಗಲೇ ಬಂದಿವೆ. ನಾನು ಇದುವರೆಗೆ ಕೇಳಿರಲೇ ಇಲ್ಲ.

ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಸ್ ಸ್ಟ್ಯಾಂಡ್‌ನಲ್ಲಿ ಬೋರ್ಡ್ ಹಿಡಿದು ನಾವಿಬ್ಬರೂ ನಿಲ್ಲುತ್ತೇವೆ. ಸಂಜೆಯೂ ಎಲ್ಲರೂ ಬಸ್ ಹತ್ತುವವರೆಗೆ ಇರುತ್ತೇವೆ. ಎರಡು ಆಟೋದವರು ಗೊತ್ತು, ಮಾತಾಡಿದ್ದೇನೆ.

ಕ್ಯಾತ್ಸಂದ್ರದವಳು

ತುಂಬಾ ಸಂತೋಷ. ನಿಮ್ಮ ತಂಗಿಗೆ ಮೈಕ್ ಕೊಡುವ ಕೆಲಸ ವಹಿಸಬಹುದಾ ಕೇಳಿ. ಭಾಷಣ ಮಾಡುತ್ತೇನೆ ಅಂದರೆ ಇನ್ನೂ ಒಳ್ಳೆಯದು.

ಇವತ್ತು ಮಧ್ಯಾಹ್ನ ಹಾಲ್ ನೋಡಲು ಮತ್ತೆ ಹೋಗಿದ್ದೆ. ಹೆಂಗಸರ ಟಾಯ್ಲೆಟ್ ನೋಡಿರಲೇ ಇಲ್ಲ ಅಂತ ನೆನಪಾಯಿತು. ಹಿಂದಿನ ಓಣಿಯಲ್ಲಿದೆ. ಬೀಗ ಹಾಕಿತ್ತು. ಭಾನುವಾರ ತೆಗೆಯುವುದಿಲ್ಲವಂತೆ. ವಾಚ್‌ಮನ್ ಹುಡುಕಿ ತೆಗೆಸಿದೆ. ಮೂರರಲ್ಲಿ ಎರಡಕ್ಕೆ ಚಿಲಕ ಇಲ್ಲ. ಒಂದರಲ್ಲಿ ಬಲ್ಬ್ ಇಲ್ಲ. ಮುಚ್ಚಳ ಇರುವ ಕಸದ ಡಬ್ಬಿ ಎಲ್ಲೂ ಇಲ್ಲ. ಬ್ಯಾಗ್ ನೇತುಹಾಕಲು ಒಂದು ಮೊಳೆಯೂ ಇಲ್ಲ. ನೀರು ಮಾತ್ರ ಚೆನ್ನಾಗಿ ಬರುತ್ತದೆ. ಚಿಲಕ, ಬಲ್ಬ್, ಮೊಳೆ, ಮೂರು ಡಬ್ಬಿ, ಪ್ಯಾಡ್, ಹಳೆಯ ಪೇಪರ್, ಎಲ್ಲ ಪಟ್ಟಿ ಮಾಡಿಕೊಂಡು ಬಂದೆ. ಚಿಲಕ ಹಾಕಲು ಶುಕ್ರವಾರ ಬಡಗಿ ಬರುತ್ತಾರೆ. ಮಗುವಿನ ರೂಮಿಗೆ ಪಕ್ಕದ ಲ್ಯಾಬ್ ಕೊಟ್ಟಿದ್ದಾರೆ, ಅದಕ್ಕೆ ಒಳಚಿಲಕ ಇದೆ, ಫ್ಯಾನ್ ತಿರುಗುತ್ತದೆ. ಚಿಂತಾಮಣಿಯವರೇ, ಚಾಪೆ ನಾನು ಮನೆಯಿಂದ ತರುತ್ತೇನೆ.

ಟಾಯ್ಲೆಟ್ ಬೀಗದ ಕೈ ಒಂದು ನನ್ನ ಹತ್ತಿರ ಇದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ನಾನೇ ಹೋಗಿ ತೆಗೆಯುತ್ತೇನೆ.